ಟೈರ್ ಬೆಳಿಗ್ಗೆಯೇ ಹೇಳಿತ್ತು

2009ರ ಏಪ್ರಿಲ್. ಸಂಡೂರಿನ ಅದಿರು ಹಗಲು ರಾತ್ರಿ ಬೇಲೆಕೇರಿ ಬಂದರಿಗೆ ಹರಿಯುತ್ತಿದ್ದ ಕಾಲ ಅದು. ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಆಮೇಲೆ ಅರಬೈಲ್ ಘಾಟಿ ಇಳಿದರೆ ಅಂಕೋಲಾ. ನಾನು ಓಡಿಸುತ್ತಿದ್ದದ್ದು ಹತ್ತು ಚಕ್ರದ ಲಾರಿ. ಆಗ ಆ ಗಾಡಿಗೆ ಕಾನೂನು ಒಪ್ಪಿದ್ದ ಒಟ್ಟು ತೂಕ 25 ಟನ್. ಗಾಡಿಯ ಸ್ವಂತ ತೂಕ ಒಂಬತ್ತು ಟನ್ನಿನಷ್ಟು ಕಳೆದರೆ ಮಾಲಿಗೆ ಉಳಿಯುವುದು 16. ನಾವು ತುಂಬುತ್ತಿದ್ದದ್ದು 22, 23. ಅದಿರು ಎಷ್ಟು ಭಾರದ ವಸ್ತು ಅಂದರೆ 16 ಟನ್ ಹಾಕಿದರೂ ಬಾಡಿ ಅರ್ಧ ಖಾಲಿ ಕಾಣುತ್ತದೆ. ಇನ್ನೂ ಎರಡು ಬಕೆಟ್ ಹಿಡಿಯುತ್ತಲ್ಲ ಅಂತ ಯಾರಿಗಾದರೂ ಅನ್ನಿಸಬೇಕು.

ಆವತ್ತು ಬೆಳಿಗ್ಗೆ ಲೋಡ್ ಆಗಿ ಹೊರಡುವ ಮೊದಲು ಕ್ಲೀನರ್ ಹುಡುಗ ನೀರು ಚೆಕ್ ಮಾಡಲು ಹೋದವನು ಮುಂದಿನ ಎಡಗಡೆ ಚಕ್ರದ ಹತ್ತಿರ ಕೂತು ನನ್ನನ್ನು ಕರೆದ. "ಅಣ್ಣಾ, ಇಲ್ಲಿ ನೋಡು, ಉಬ್ಬೈತಿ." ಗಾಡಿಯ ಒಳಕ್ಕೆ ಮುಖ ಮಾಡಿದ ಟೈರಿನ ಪಕ್ಕದ ಗೋಡೆಯಲ್ಲಿ, ಅಂದರೆ ಸೈಡ್‌ವಾಲ್‌ನಲ್ಲಿ, ನಿಂಬೆಹಣ್ಣಿನಷ್ಟು ದಪ್ಪ ಒಂದು ಉಬ್ಬು. ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಸುತ್ತಲಿನ ರಬ್ಬರಿಗಿಂತ ಮೆತ್ತಗಿತ್ತು. ಗಾಡಿ ಮಾಲೀಕರಾದ ಸಾವ್ಕಾರ್ರಿಗೆ ಫೋನ್ ಮಾಡಿದೆ. "ಇದೊಂದು ಟ್ರಿಪ್ ಹಾಕ್ಕೊಂಡು ಬಾ, ಬಂದ ಮೇಲೆ ಬದಲಿ ಮಾಡೋಣ" ಅಂದರು. ಸ್ಟೆಪ್ನಿ ಇತ್ತು, ಆದರೆ ಅದು ಸವೆದ ಟೈರಿಗೆ ಮೇಲೆ ಹೊಸ ರಬ್ಬರ್ ಕೂರಿಸಿದ ರೀಸೋಲ್ ಟೈರ್, ಮುಂದಕ್ಕೆ ಹಾಕುವಂಥದ್ದಲ್ಲ. ನಾನು ಹೂಂ ಅಂದೆ. ಕೀ ತಿರುಗಿಸಿದವನು ನಾನು.

ಗದಗ ದಾಟಿ ಅಣ್ಣಿಗೇರಿ ಕಡೆ ಎರಿ ಹೊಲಗಳ ನಡುವೆ ರಸ್ತೆ ನೇರ ಹೋಗುತ್ತದೆ. ಮಧ್ಯಾಹ್ನದ ಬಿಸಿಲು. ಗುಂಡು ಹೊಡೆದಂಥ ಸದ್ದು, ಅದರ ಹಿಂದೆಯೇ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಎಡಕ್ಕೆ ಹೋಯಿತು. ನನ್ನ ಕಾಲು ತಾನೇ ಬ್ರೇಕ್ ಮೇಲೆ ಹೋಗಿ ಕೂತಿತು. ಅದೇ ಎರಡನೇ ತಪ್ಪು. ಬ್ರೇಕ್ ಒತ್ತಿದ ಕೂಡಲೇ ಹಿಂದಿನ ಭಾರವೆಲ್ಲ ಆ ಒಡೆದ ಚಕ್ರದ ಮೇಲೆ ಬಂತು, ಗಾಡಿ ರಸ್ತೆ ಬಿಟ್ಟು ಹೊಲಕ್ಕೆ ಇಳಿದು ಮಗ್ಗುಲಾಗಿ ಮಲಗಿತು. ಹುಡುಗನ ಕಾಲರ್ ಬೋನ್ ಮುರಿಯಿತು. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಕ್ಯಾಬಿನ್ನಿನಿಂದ ಹತ್ತಿ ಹೊರಗೆ ಬಂದಾಗ ನೋಡಿದೆ: ಅದೇ ಎಡಬದಿಗೆ, ನೂರು ಮಾರು ಮುಂದೆ, ಬೇವಿನ ಮರದ ಕೆಳಗೆ ಏಳೆಂಟು ಹೆಣ್ಣುಮಕ್ಕಳು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಅವರೇ ಓಡಿ ಬಂದು ಹುಡುಗನಿಗೆ ನೀರು ಕುಡಿಸಿದರು. ಅವರಲ್ಲಿ ವಯಸ್ಸಾದ ಒಬ್ಬ ಅವ್ವ ನನ್ನ ಬೆನ್ನು ಸವರುತ್ತಾ, "ಟೈರ್ ಒಡದ್ರ ನೀ ಏನ್ ಮಾಡ್ತೀಯೋ ಯಪ್ಪಾ, ನಿಂದೇನ್ ತಪ್ಪೈತಿ?" ಅಂದಳು.

ಪೊಲೀಸರ ಮುಂದೆ ನಾನೂ ಅದನ್ನೇ ಹೇಳಿದೆ. ಟೈರ್ ಬರ್ಸ್ಟ್ ಆಯ್ತು ಸಾರ್. ಸಾವ್ಕಾರ್ರೂ ಅದನ್ನೇ ಹೇಳಿದರು. ಆ ಮಾತನ್ನು ಯಾರೂ ಪ್ರಶ್ನೆ ಮಾಡಲಿಲ್ಲ. ಆ ಉಬ್ಬಿನ ವಿಷಯ ನನಗೂ ಸಾವ್ಕಾರ್ರಿಗೂ ಆ ಹುಡುಗನಿಗೂ ಮಾತ್ರ ಗೊತ್ತಿತ್ತು. ಆಸ್ಪತ್ರೆಯಲ್ಲಿ ಅವನು ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ.

ಆಮೇಲೆ ಆ ಟೈರಿನ ಚೂರುಗಳನ್ನು ಹೊಸಪೇಟೆಯಲ್ಲಿ ರೀಸೋಲ್ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರ ಹತ್ತಿರ ತಗೊಂಡು ಹೋದೆ. ಅವರು ಒಳಮೈ ತಿರುಗಿಸಿ ತೋರಿಸಿದರು. ಸೈಡ್‌ವಾಲ್ ಒಳಗೆ ಸುತ್ತಲೂ ಕಂದು ಬಣ್ಣದ ಪಟ್ಟಿ, ಸುಕ್ಕು, ದಾರ ರಬ್ಬರಿನಿಂದ ಬಿಟ್ಟು ಹತ್ತಿಯ ಹಾಗೆ ಎದ್ದಿತ್ತು. "ಇದು ಒಂದು ದಿನದ್ದಲ್ಲಪ್ಪ, ಗಾಳಿ ಕಮ್ಮಿ ಇಟ್ಕೊಂಡು ತಿಂಗಳುಗಟ್ಟಲೆ ಓಡ್ಸೀಯ" ಅಂದರು. ನಿಜ. ಬೇಸಿಗೆ ಬಂತು ಅಂದರೆ ನಾವೆಲ್ಲ ಗಾಳಿ ಇಳಿಸುತ್ತಿದ್ದೆವು. ರಸ್ತೆ ಕಾದಿರುತ್ತೆ, ಗಾಳಿ ಹಿಗ್ಗಿ ಟೈರ್ ಒಡೆಯುತ್ತೆ, ಹತ್ತು ಹದಿನೈದು ಪೌಂಡ್ ಕಮ್ಮಿ ಇರಲಿ ಅಂತ ಹಿರಿಯ ಡ್ರೈವರುಗಳು ಹೇಳಿಕೊಟ್ಟಿದ್ದರು. ಇವತ್ತೂ ಎಷ್ಟೋ ಜನ ಹಾಗೇ ಮಾಡುತ್ತಾರೆ. ಇದಕ್ಕಿಂತ ಅಪಾಯದ ತಿಳುವಳಿಕೆ ನಮ್ಮ ಕಸುಬಿನಲ್ಲಿ ಇನ್ನೊಂದಿಲ್ಲ.

ಅವರು ಬಿಡಿಸಿ ಹೇಳಿದ್ದು ಇಷ್ಟು. ಭಾರ ಹೊರುವುದು ಒಳಗಿನ ಗಾಳಿ, ರಬ್ಬರು ಆ ಗಾಳಿಯನ್ನು ಹಿಡಿದಿಡುವ ಚೀಲ. ಗಾಳಿ ಕಮ್ಮಿ ಆದರೆ ಚಕ್ರ ಒಂದೊಂದು ಸುತ್ತಿಗೂ ಸೈಡ್‌ವಾಲ್ ಮಡಚಿ ಬಿಚ್ಚಿಕೊಳ್ಳುತ್ತದೆ. ಕಬ್ಬಿಣದ ತಂತಿಯನ್ನು ಕೈಯಲ್ಲಿ ಹತ್ತು ಸಲ ಆಚೀಚೆ ಬಗ್ಗಿಸಿದರೆ ಬಿಸಿಯಾಗಿ ಮುರಿಯುತ್ತಲ್ಲ, ಹಾಗೆ. ಟೈರ್ ಕಾಯುವುದು ರಸ್ತೆ ಬಿಸಿಗಿಂತ ಈ ಮಡಚಾಟದಿಂದ. ಓಡಿದಾಗ ಗಾಳಿ ಹಿಗ್ಗುವುದು ಸಹಜ; ಟೈರ್ ಮಾಡಿದವರು ಅದನ್ನು ಲೆಕ್ಕಕ್ಕೆ ತಗೊಂಡೇ ತಣ್ಣಗಿನ ಗಾಳಿಯ ಅಳತೆ ಕೊಟ್ಟಿರುತ್ತಾರೆ. ದಾರಿಯಲ್ಲಿ ಬಿಸಿ ಟೈರಿಗೆ ಮೀಟರ್ ಇಟ್ಟು, ಜಾಸ್ತಿ ತೋರಿಸ್ತು ಅಂತ ಗಾಳಿ ಬಿಟ್ಟರೆ, ತಣ್ಣಗಾದ ಮೇಲೆ ಅದು ಕಮ್ಮಿ ಗಾಳಿಯ ಟೈರ್ ಆಗಿರುತ್ತದೆ. ಹೇಳಿದ ಅಳತೆಗಿಂತ ನೂರಕ್ಕೆ ಇಪ್ಪತ್ತರಷ್ಟು ಕಮ್ಮಿ ಗಾಳಿಯಲ್ಲಿ ಓಡಿದ ಟೈರನ್ನು ಪಂಕ್ಚರ್ ಆದ ಟೈರ್ ಅಂತಲೇ ಲೆಕ್ಕ ಹಿಡಿದು, ಬಿಚ್ಚಿ ಒಳಗೆ ನೋಡಬೇಕು. ಸುಮ್ಮನೆ ಗಾಳಿ ಹೊಡೆದು ಮತ್ತೆ ರಸ್ತೆಗೆ ಬಿಡುವ ಹಾಗಿಲ್ಲ.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದ ಮೇಲೆ ಅದಿರಿನ ಓಡಾಟ ಮುಗಿಯಿತು. ಈಗ ಸಾಲದಲ್ಲಿ ತಗೊಂಡ ಸ್ವಂತ ಗಾಡಿ, ಗಂಗಾವತಿಯ ಅಕ್ಕಿ, ಮೆಕ್ಕೆಜೋಳ. ಓನರ್ ಆದ ಮೇಲೆ ಸಾವ್ಕಾರ್ರ ಕಷ್ಟವೂ ಅರ್ಥವಾಗಿದೆ. ಒಂದು ರೇಡಿಯಲ್ ಟೈರಿಗೆ 20 ಸಾವಿರ ದಾಟುತ್ತದೆ, ಅಂಥವು ಹತ್ತು ಬೇಕು. ಬಾಡಿಗೆ ಕೈಗೆ ಬರುವುದು ತಿಂಗಳು ಕಳೆದ ಮೇಲೆ. ಇನ್ನೊಂದು ಟ್ರಿಪ್ ಎಳೆಯಲಿ ಅಂತ ಮನಸ್ಸು ಹೇಳುತ್ತದೆ, ನನ್ನ ಮನಸ್ಸೂ ಹೇಳಿದೆ. ಆಗೆಲ್ಲ ಆ ಬೇವಿನ ಮರದ ಕೆಳಗಿನ ಬುತ್ತಿ ಗಂಟುಗಳು ಕಣ್ಣ ಮುಂದೆ ಬರುತ್ತವೆ.

ಈಗ ನನ್ನ ದಿನ ಶುರುವಾಗುವುದು ಮೀಟರಿನಿಂದ. ಲಿವರ್ ರಾಡಿನಿಂದ ಟೈರಿಗೆ ಹೊಡೆದು ಸದ್ದು ಕೇಳುವುದನ್ನು ನಾನೂ ವರ್ಷಗಟ್ಟಲೆ ಮಾಡಿದವನು. ಪೂರ್ತಿ ಕುಸಿದ ಟೈರನ್ನು ಸದ್ದು ಹೇಳುತ್ತದೆ. 115 ಪೌಂಡಿಗೂ 90 ಪೌಂಡಿಗೂ ಇರುವ ವ್ಯತ್ಯಾಸವನ್ನು ಯಾವ ಕಿವಿಯೂ ಹಿಡಿಯಲಾರದು. ಇಂಜಿನ್ ಸ್ಟಾರ್ಟ್ ಮಾಡುವ ಮೊದಲೇ, ಟೈರ್ ತಣ್ಣಗಿರುವಾಗ, ಹತ್ತಕ್ಕೆ ಹತ್ತೂ ನೋಡಿ ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಇಪ್ಪತ್ತು ನಿಮಿಷ ಹಿಡಿಯುತ್ತದೆ. ಬರೆದಿಟ್ಟಿದ್ದರಿಂದ ಯಾವ ಟೈರ್ ದಿನಾ ಎರಡು ಪೌಂಡ್ ಕದಿಯುತ್ತಿದೆ ಅಂತ ಗೊತ್ತಾಗುತ್ತದೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ಹಿಂದಿನ ಜೋಡಿಯ ಒಳಗಿನ ಟೈರಿಗೆ. ಅದರ ವಾಲ್ವ್‌ಗೆ ಕೈ ಹೋಗುವುದು ಕಷ್ಟ, ಅದಕ್ಕೇ ಎಲ್ಲರೂ ಬಿಡುತ್ತಾರೆ. ಒಳಗಿನದ್ದು ಕುಸಿದರೂ ಹೊರಗಿನದ್ದು ನಿಂತಿರುತ್ತದೆ, ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಆದರೆ ಎರಡರ ಭಾರವನ್ನು ಒಂದೇ ಹೊರುತ್ತಿರುತ್ತದೆ, ಕುಸಿದದ್ದು ಉಜ್ಜಿ ಉಜ್ಜಿ ಕಾದು ಹೊಗೆ ಬಿಡುತ್ತದೆ. ರಸ್ತೆ ಬದಿ ಸುಟ್ಟು ನಿಂತ ಲಾರಿಗಳಲ್ಲಿ ಕೆಲವಕ್ಕೆ ಬೆಂಕಿ ಹತ್ತಿದ್ದು ಹೀಗೇ. ಜೋಡಿಯಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕಿದರೂ ಇದೇ ಕಥೆ. ಎತ್ತರ ಇರುವುದು ಭಾರ ಹೊರುತ್ತದೆ, ಗಿಡ್ಡ ಇರುವುದು ಎಳೆದಾಡುತ್ತದೆ. ಎರಡರ ಮಧ್ಯೆ ಸಿಕ್ಕಿದ ಕಲ್ಲನ್ನೂ ರಾಡಿನಿಂದ ಕಿತ್ತು ತೆಗೆಯುತ್ತೇನೆ. ಅದು ಒಳಗೇ ಸೈಡ್‌ವಾಲ್ ಕೊರೆಯುತ್ತದೆ, ಇಲ್ಲವೇ ಸ್ಪೀಡಿನಲ್ಲಿ ಹಾರಿ ಹಿಂದೆ ಬರುವ ಬೈಕಿನವನ ಎದೆಗೆ ಬಡಿಯುತ್ತದೆ.

ಚಹಾಕ್ಕೆ ನಿಂತಾಗ ಮೊದಲು ಒಂದು ಸುತ್ತು ಹಾಕಿ ಅಂಗೈ ಹಿಂಭಾಗವನ್ನು ಪ್ರತಿ ಟೈರಿನ ಹತ್ತಿರ ಹಿಡಿಯುತ್ತೇನೆ. ಎಲ್ಲವೂ ಬಿಸಿ ಇರುತ್ತವೆ, ಒಂದು ಮಾತ್ರ ಉಳಿದವಕ್ಕಿಂತ ಜಾಸ್ತಿ ಕಾದಿದ್ದರೆ ಅಲ್ಲಿ ಗಾಳಿಯೋ, ಬೇರಿಂಗೋ, ಹಿಡಿದುಕೊಂಡ ಬ್ರೇಕೋ ಏನೋ ಇದೆ. ಘಾಟಿ ಇಳಿದ ಮೇಲಂತೂ ನೋಡಲೇಬೇಕು. ಬ್ರೇಕ್ ಡ್ರಮ್ಮಿನ ಕಾವು ರಿಮ್ಮಿನ ಮೂಲಕ, ಟೈರ್ ರಿಮ್ಮಿಗೆ ಕೂರುವ ಅಂಚಾದ ಬೀಡ್‌ಗೆ ಹತ್ತುತ್ತದೆ. ಘಾಟಿಯಲ್ಲಿ ಗೇರಿನಲ್ಲೇ ಇಳಿಸಬೇಕು ಅನ್ನುವುದು ಬ್ರೇಕಿನ ಸಲುವಾಗಿ ಎಷ್ಟೋ ಟೈರಿನ ಸಲುವಾಗಿಯೂ ಅಷ್ಟೇ.

ಸವೆತ ಓದಲು ಕಲಿತದ್ದು ಆ ರೀಸೋಲ್ ಅಂಗಡಿಯಲ್ಲೇ. ನಡುವೆ ಸವೆದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದರೆ ಕಮ್ಮಿ, ಒಂದೇ ಅಂಚು ಹೋದರೆ ಅಲೈನ್‌ಮೆಂಟ್. ಕಾನೂನಿನ ಪ್ರಕಾರ ಲಾರಿ ಟೈರಿನ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಮ್ಮಿ ಇರಬಾರದು. ನಾನು ಮುಂದಿನ ಟೈರನ್ನು ಅಲ್ಲಿಯ ತನಕ ಎಳೆಯುವುದಿಲ್ಲ, ಮೊದಲೇ ಹಿಂದಕ್ಕೆ ಹಾಕುತ್ತೇನೆ. ಟೈರಿನ ಮೇಲಿನ ಕೊನೆಯ ನಾಲ್ಕು ಅಂಕಿ ಅದು ಹುಟ್ಟಿದ ವಾರ, ವರ್ಷ. 2319 ಅಂದರೆ 2019ರ 23ನೇ ವಾರ. ಸೆಕೆಂಡ್ ಹ್ಯಾಂಡ್ ಟೈರ್ ಕೊಳ್ಳುವವರು ಗೀರು ನೋಡುವ ಮೊದಲು ಇದನ್ನು ನೋಡಬೇಕು. ರೀಸೋಲ್ ಟೈರನ್ನು ನಾನು ಬೈಯುವುದಿಲ್ಲ. ಕೇಸಿಂಗ್, ಅಂದರೆ ಟೈರಿನ ಮೂಲ ಮೈ, ಗಟ್ಟಿ ಇದ್ದರೆ ವಿಮಾನದ ಟೈರನ್ನೂ ರೀಸೋಲ್ ಮಾಡುತ್ತಾರೆ. ನಾನೂ ಹಿಂದಿನ ಚಕ್ರಕ್ಕೆ ಹಾಕುತ್ತೇನೆ. ಮುಂದಕ್ಕೆ ಮಾತ್ರ ಎಂದಿಗೂ ಇಲ್ಲ.

ಪಂಕ್ಚರ್ ಅಂಗಡಿಯ ಬಗ್ಗೆ ಒಂದು ಮಾತು. ಟ್ಯೂಬ್ ಇರುವ ಹಳೇ ಬಗೆಯ ರಿಮ್ಮಿಗೆ, ಟೈರನ್ನು ರಿಮ್ಮಿನ ಮೇಲೆ ಹಿಡಿದಿಡುವ ಕಬ್ಬಿಣದ ಬಳೆಯಂಥ ಲಾಕ್ ರಿಂಗ್ ಇರುತ್ತದೆ. ಅದು ಸರಿಯಾಗಿ ಕೂರದೆ ಗಾಳಿ ಹೊಡೆದರೆ ಹಾರುತ್ತದೆ. ಹೆದ್ದಾರಿ ಪಕ್ಕದ ಒಂದು ಅಂಗಡಿಯಲ್ಲಿ ಅದು ತಗಡಿನ ಚಾವಣಿಯನ್ನೇ ಸೀಳಿಕೊಂಡು ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ಚಕ್ರದ ಮೇಲೆ ಬಗ್ಗಿ ಯಾರೂ ನಿಂತಿರಲಿಲ್ಲ, ಅಷ್ಟೇ. ಗಾಳಿ ಹಾಕುವಾಗ ಪಂಜರದೊಳಗೆ ಇಡಿಸಿ. ಅದಿಲ್ಲದಿದ್ದರೆ ಚೈನ್ ಸುತ್ತಿಸಿ, ಉದ್ದ ಪೈಪಿನಿಂದ ದೂರ ನಿಂತು ಹೊಡೆಯಲು ಹೇಳಿ. ರಿಂಗಿನ ಎದುರಿಗೆ ಕ್ಲೀನರ್ ಹುಡುಗನನ್ನು ನಿಲ್ಲಿಸಬೇಡಿ.

ಇಷ್ಟೆಲ್ಲ ಮಾಡಿದರೂ ರಸ್ತೆಯಲ್ಲಿ ಬಿದ್ದ ಒಂದು ಕಬ್ಬಿಣದ ಚೂರು ಸಾಕು, ಟೈರ್ ಹೋಗಬಹುದು. ಆಗ ಬ್ರೇಕ್ ಮುಟ್ಟಬಾರದು. ಆಕ್ಸಲರೇಟರಿನಿಂದ ಕಾಲನ್ನು ತಟ್ಟನೆ ಎತ್ತಲೂಬಾರದು. ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿ ಹಿಡಿದು ಗಾಡಿಯನ್ನು ನೇರ ಇಟ್ಟು, ಅದು ನಮ್ಮ ಹತೋಟಿಗೆ ಬಂತು ಅನ್ನಿಸಿದ ಮೇಲೆ ಮೆಲ್ಲಗೆ ಕಾಲು ಸಡಿಲಿಸುತ್ತಾ, ವೇಗ ತಾನಾಗಿ ಇಳಿಯಲು ಬಿಟ್ಟು ಎಡಕ್ಕೆ ತರಬೇಕು. 2017ರಲ್ಲಿ ಸಿರಾ ಹತ್ತಿರ ಹಿಂದಿನ ಟೈರ್ ಹೋದಾಗ ಹಾಗೇ ಮಾಡಿದೆ. ಕಾಲು ಬ್ರೇಕಿಗೆ ಹೋಗಬೇಕು ಅಂತ ನಡುಗುತ್ತಿತ್ತು, ತಡೆದೆ. ಗಾಡಿ ಸದ್ದಿಲ್ಲದೆ ಪಕ್ಕಕ್ಕೆ ಬಂದು ನಿಂತಿತು. ಲೋಡ್ ಕಾನೂನಿನ ಒಳಗಿತ್ತು, ಸ್ಪೀಡ್ 50ರ ಆಸುಪಾಸು ಇತ್ತು, ಅದಕ್ಕೇ ಸಾಧ್ಯವಾಯಿತು.

ನಿಂತ ಮೇಲೂ ಕೆಲಸ ಮುಗಿಯುವುದಿಲ್ಲ. ಪ್ರತಿಫಲಿಸುವ ತ್ರಿಕೋನವನ್ನು ಹಿಂದೆ ದೂರದಲ್ಲಿ ಇಡಬೇಕು. ಅದರ ಬದಲು ಇಡುವ ಬೇವಿನ ಟೊಂಗೆ ಕತ್ತಲಲ್ಲಿ ಯಾರಿಗೂ ಕಾಣುವುದಿಲ್ಲ. ಚಕ್ರಕ್ಕೆ ಕೊಟ್ಟ ಕಲ್ಲುಗಳನ್ನು ಹೊರಡುವಾಗ ರಸ್ತೆಯಿಂದ ತೆಗೆಯಬೇಕು. ನಮ್ಮವರು ಟೈರ್ ಬದಲಿಸಿ, ಕಲ್ಲುಗಳನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ರಾತ್ರಿ ಗಂಡ ಹೆಂಡತಿ ಮಗು ಕೂತ ಬೈಕು ಅದಕ್ಕೆ ಬಡಿಯುತ್ತದೆ. ಕಿತ್ತು ಬಿದ್ದ ರಬ್ಬರ್ ಪಟ್ಟಿಯನ್ನೂ ಎಳೆದು ಪಕ್ಕಕ್ಕೆ ಹಾಕಬೇಕು.

2023ರಲ್ಲಿ ಬಾಂಬೆ ಹೈಕೋರ್ಟಿನ ಒಂದು ತೀರ್ಪು ಪೇಪರಿನಲ್ಲಿ ಓದಿದೆ. 2010ರಲ್ಲಿ ಪುಣೆಯಿಂದ ಮುಂಬೈಗೆ ಹೊರಟ ಕಾರಿನ ಹಿಂದಿನ ಟೈರ್ ಸಿಡಿದು ಒಳಗಿದ್ದವರೊಬ್ಬರು ಸತ್ತಿದ್ದರು. ಇದು ದೈವಾಧೀನ, ಪರಿಹಾರ ಕೊಡುವುದಿಲ್ಲ ಅಂತ ವಿಮೆಯವರು ವಾದಿಸಿದ್ದರು. ಟೈರ್ ಸಿಡಿಯುವುದು ದೈವಾಧೀನವಲ್ಲ, ಮನುಷ್ಯನ ನಿರ್ಲಕ್ಷ್ಯ ಎಂದು ಕೋರ್ಟ್ ಹೇಳಿತು. ಅದೇ ವರ್ಷ ಜುಲೈ 1ರ ನಸುಕಿನಲ್ಲಿ ಮಹಾರಾಷ್ಟ್ರದ ಸಮೃದ್ಧಿ ಹೆದ್ದಾರಿಯಲ್ಲಿ, ಬುಲ್ಢಾಣಾ ಜಿಲ್ಲೆಯಲ್ಲಿ, ಬಸ್ಸು ಹೊತ್ತಿ ಉರಿದು 25 ಜನ ಸತ್ತರು. ಅಲ್ಲೂ ಮೊದಲು ಕೇಳಿದ ಮಾತು ಟೈರ್ ಬರ್ಸ್ಟ್. ಸ್ಥಳ ನೋಡಿದ ಸಾರಿಗೆ ಅಧಿಕಾರಿಗಳು ಟೈರ್ ಸಿಡಿದದ್ದಕ್ಕೆ ಗುರುತೇ ಇಲ್ಲ ಅಂದರು. ಎರಡನ್ನೂ ಓದಿದ ದಿನ ಆ ಅವ್ವನ ಮಾತು ಮತ್ತೆ ಕಿವಿಯಲ್ಲಿ ಕೇಳಿಸಿತು, ನಿಂದೇನ್ ತಪ್ಪೈತಿ. ಇದ್ದ ತಪ್ಪನ್ನು ಆವತ್ತೇ ಬಾಯಿ ಬಿಟ್ಟು ಹೇಳಬೇಕಿತ್ತು.

ಆ ಹುಡುಗ ಈಗ ಕೊಪ್ಪಳದಲ್ಲಿ ತನ್ನದೇ ಗಾಡಿ ಓಡಿಸುತ್ತಾನೆ. ಹೋದ ವರ್ಷ ಸಿಕ್ಕಾಗ ಅವನ ಮುಂದೆ ಇದನ್ನೆಲ್ಲ ಹೇಳಿದೆ. "ಬಿಡಣ್ಣಾ" ಅಂದ. ಆಮೇಲೆ ನನ್ನ ಮೀಟರ್ ಇಸಕೊಂಡು ತನ್ನ ಗಾಡಿಯ ಒಳಗಿನ ಟೈರ್ ನೋಡಿದ. 82 ಪೌಂಡ್ ಇತ್ತು. ಲೋಡ್ ಇಳಿಸುವ ತನಕವೂ ಕಾಯದೆ ಆವತ್ತೇ ಆ ಟೈರ್ ಬಿಚ್ಚಿಸಿದ.