ಮೊದಲು ವೇಗ, ಆಮೇಲೆ ವೋಲ್ಟೇಜ್: ಮನೆಯ ಜನರೇಟರ್ ಹೊಂದಿಸುವ ಕ್ರಮ

ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ತೀರ್ಥಹಳ್ಳಿ, ಹೊಸನಗರ ಕಡೆಯ ಒಂಟಿ ಮನೆಗಳಿಗೆ ಕರೆಂಟು ಮರಳಲು ಎರಡು ಮೂರು ದಿನ ಹಿಡಿಯುವುದುಂಟು. ಆಗ ಕೊಟ್ಟಿಗೆಯ ಮೂಲೆಯಲ್ಲಿದ್ದ ಜನರೇಟರ್ ಹೊರಗೆ ಬರುತ್ತದೆ. ಬಲ್ಬು ಉರಿದರೆ ಸಾಕೆಂದು ಹೆಚ್ಚಿನವರು ಸಮಾಧಾನಪಡುತ್ತಾರೆ. ಆದರೆ ಫ್ರಿಜ್, ಪಂಪು ಮತ್ತು ಇನ್ವರ್ಟರ್ ಸುರಕ್ಷಿತವಾಗಿ ನಡೆಯಬೇಕಾದರೆ 230 ವೋಲ್ಟ್ ಮತ್ತು 50 ಹರ್ಟ್ಸ್ ಆವರ್ತನ ಎರಡೂ ಸರಿಯಾಗಿರಬೇಕು.

ಆವರ್ತನವನ್ನು ನಿರ್ಧರಿಸುವುದು ಎಂಜಿನ್ನಿನ ವೇಗ ಮಾತ್ರ. ಎರಡು ಆಯಸ್ಕಾಂತ ಧ್ರುವಗಳ ಯಂತ್ರ ನಿಮಿಷಕ್ಕೆ 3000 ಸುತ್ತು ತಿರುಗಿದಾಗ, ನಾಲ್ಕು ಧ್ರುವಗಳದ್ದು 1500 ಸುತ್ತು ತಿರುಗಿದಾಗ 50 ಹರ್ಟ್ಸ್ ದೊರೆಯುತ್ತದೆ. ವೋಲ್ಟೇಜನ್ನು ಎವಿಆರ್ ಎಂಬ ಸಣ್ಣ ಪೆಟ್ಟಿಗೆ ನೋಡಿಕೊಳ್ಳುತ್ತದೆಯಾದರೂ, ವೇಗ ಒಂದು ಮಿತಿಗಿಂತ ಇಳಿದಾಗ ಸುರುಳಿಗಳು ಸುಡದಂತೆ ಹಲವು ಎವಿಆರ್‌ಗಳು ವೋಲ್ಟೇಜನ್ನೂ ತಾವಾಗಿಯೇ ಇಳಿಸುತ್ತವೆ. ಈ ಸಂಗತಿ ತಿಳಿಯದೆ ನಾನೊಮ್ಮೆ ಪೆಟ್ಟು ತಿಂದೆ. ಎಂಜಿನ್ನಿನ ವೇಗವನ್ನು ಹಿಡಿತದಲ್ಲಿಡುವ ಗವರ್ನರಿನ ಲಾಕ್‌ನಟ್ ನಡುಕಕ್ಕೆ ಸಡಿಲಗೊಂಡು ಯಂತ್ರ 45 ಹರ್ಟ್ಸ್‌ನಲ್ಲಿ ಓಡುತ್ತಿತ್ತು, ಮೀಟರು 200 ವೋಲ್ಟ್ ತೋರಿಸುತ್ತಿತ್ತು. ನಾನು ಎವಿಆರ್ ತಿರುಗಿಸಿ 230ಕ್ಕೆ ತಂದು ಹೆಮ್ಮೆಪಟ್ಟೆ. ಮರುದಿನ ನಟ್ಟು ಬಿಗಿದು ವೇಗ ಸರಿಪಡಿಸಿದೊಡನೆ ಮುಳ್ಳು 260 ದಾಟಿತು, ಸ್ವಿಚ್ಚು ಇಳಿಸುವಷ್ಟರಲ್ಲಿ ಒಂದು ಅಡಾಪ್ಟರ್ ಸುಟ್ಟ ವಾಸನೆ ಜಗಲಿಯವರೆಗೂ ಬಂದಿತ್ತು.

ಆದ್ದರಿಂದ ಮನೆಯ ಸಂಪರ್ಕವನ್ನು ಪೂರ್ತಿ ಬಿಡಿಸಿಯೇ ಕೆಲಸ ಆರಂಭಿಸಬೇಕು. ಮಳೆ ಎರಚಲು ಬಡಿಯದ, ಆದರೆ ಎಲ್ಲ ಕಡೆಯಿಂದ ಗಾಳಿಯಾಡುವ ಮಾಡಿನ ಕೆಳಗೆ, ಕಿಟಕಿ ಬಾಗಿಲುಗಳಿಂದ ದೂರದಲ್ಲಿ ಯಂತ್ರವನ್ನಿಡಿ. ಮುಚ್ಚಿದ ಕೋಣೆಯಲ್ಲಿ ಅದರ ಹೊಗೆ ಜೀವ ತೆಗೆಯುತ್ತದೆ. ಹರ್ಟ್ಸ್ ಅಳೆಯುವ ಮಲ್ಟಿಮೀಟರ್ ಬೇಕು, ಅದು ಟ್ರೂ ಆರ್‌ಎಂಎಸ್ (ಅಲೆ ಹೇಗಿದ್ದರೂ ನಿಜವಾದ ವೋಲ್ಟೇಜ್ ಓದುವಂಥದ್ದು) ಆಗಿದ್ದರೆ ಒಳ್ಳೆಯದು, ಏಕೆಂದರೆ ಸಣ್ಣ ಜನರೇಟರ್‌ಗಳ ಸೊಟ್ಟ ಅಲೆಯನ್ನು ಅಗ್ಗದ ಮೀಟರುಗಳು ತಪ್ಪಾಗಿ ಓದುತ್ತವೆ.

ಯಂತ್ರವನ್ನು ಹತ್ತು ನಿಮಿಷ ಓಡಿಸಿ ಬಿಸಿಯಾದ ಮೇಲೆ ಲೋಡಿಲ್ಲದೆ, ಅಂದರೆ ಏನನ್ನೂ ಜೋಡಿಸದೆ, ಆವರ್ತನ ನೋಡಿ. ಅದು 50 ಅಲ್ಲ, 52ರ ಆಸುಪಾಸಿನಲ್ಲಿರಬೇಕು. ಸ್ಪ್ರಿಂಗಿನ ಗವರ್ನರ್ ಇರುವ ಎಂಜಿನ್ ಲೋಡು ಬಿದ್ದಂತೆ ಸ್ವಲ್ಪ ನಿಧಾನವಾಗುವುದರಿಂದ, ಖಾಲಿಯಿದ್ದಾಗಲೇ 50ಕ್ಕೆ ಹೊಂದಿಸಿದರೆ ಪಂಪು ಹಾಕಿದಾಗ 48ಕ್ಕೆ ಕುಸಿಯುತ್ತದೆ. ಗವರ್ನರ್ ಸ್ಪ್ರಿಂಗಿಗೆ ತಾಗಿದ ವೇಗದ ಸ್ಕ್ರೂವಿನ ಲಾಕ್‌ನಟ್ ಸಡಿಲಿಸಿ, ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಪ್ರತಿ ಸಲವೂ ಎಂಜಿನ್ ನೆಲೆಗೊಳ್ಳುವವರೆಗೆ ಕಾಯಿರಿ. 3000 ಸುತ್ತಿನ ಯಂತ್ರದಲ್ಲಿ ಒಂದು ಹರ್ಟ್ಸ್ ಎಂದರೆ ನಿಮಿಷಕ್ಕೆ 60 ಸುತ್ತು.

ಬಳಿಕ ಲೋಡು ಕೊಟ್ಟು ನೋಡಬೇಕು. ಇಸ್ತ್ರಿಪೆಟ್ಟಿ ಇದಕ್ಕೆ ಒಳ್ಳೆಯದಲ್ಲ. ಕಾವು ಏರಿದೊಡನೆ ಅದು ತಾನೇ ಆಫ್ ಆಗಿ ಓದನ್ನು ಕೆಡಿಸುತ್ತದೆ. ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿದ ಸಾವಿರ ವಾಟಿನ ಹೀಟರ್ ರಾಡು ಸ್ಥಿರವಾದ ಲೋಡು ಕೊಡುತ್ತದೆ (ಹಂಡೆಯ ಸೌದೆಯೂ ಅಷ್ಟು ಉಳಿಯಿತು). ರಾಡು ಓಡುವಾಗ ಆ ನೀರಿಗಾಗಲಿ ಬಕೆಟ್ಟಿಗಾಗಲಿ ಕೈ ಹಾಕಬಾರದು. ಅರ್ಧ ಲೋಡಿಗೆ 50–51, ಪೂರ್ಣ ಲೋಡಿಗೆ 49ಕ್ಕಿಂತ ಕಡಿಮೆಯಿಲ್ಲದಿದ್ದರೆ ವೇಗ ಸರಿಯಿದೆ. ಅದಕ್ಕೂ ಕೆಳಗಿಳಿದರೆ ಸ್ಕ್ರೂ ಮುಟ್ಟುವ ಮೊದಲು ಏರ್ ಫಿಲ್ಟರ್ ಮತ್ತು ಇಂಧನದ ಫಿಲ್ಟರ್ ನೋಡಿ. ನಮ್ಮ ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು: ಪ್ರತಿ 300 ಮೀಟರಿಗೆ ಎಂಜಿನ್ನಿನ ಶಕ್ತಿ ಸುಮಾರು ಶೇ. 3.5ರಷ್ಟು ಇಳಿಯುವುದರಿಂದ, ಆಗುಂಬೆಯಂಥ ಕಡೆ ಫಲಕದಲ್ಲಿ ಬರೆದಷ್ಟು ಶಕ್ತಿ ಸಿಗುವುದಿಲ್ಲ. ವೇಗ ಏರಿಳಿಯುತ್ತ ಉಸಿರಾಡುವಂತೆ ಕೇಳಿಸಿದರೆ ಕಾರ್ಬುರೇಟರಿನ ಕೊಳೆಯನ್ನೋ ಇಂಧನದಲ್ಲಿ ಸೇರಿದ ನೀರನ್ನೋ ಅನುಮಾನಿಸಿ.

ವೇಗ ಸರಿಯಾಗಿ ನೆಲೆಗೊಂಡ ಮೇಲಷ್ಟೇ ಎವಿಆರ್ ಮುಟ್ಟಬೇಕು. ಯಂತ್ರ ನಿಲ್ಲಿಸಿ ಮುಚ್ಚಳ ತೆಗೆದು, ಮತ್ತೆ ಓಡಿಸಿ, ಒಣ ಚಪ್ಪಲಿ ತೊಟ್ಟು, ಪ್ಲಾಸ್ಟಿಕ್ಕಿನ ಸಣ್ಣ ಸ್ಕ್ರೂಡ್ರೈವರಿನಿಂದ ವೋಲ್ಟೇಜಿನ ತಿರುಗಣೆಯನ್ನು ಕೂದಲೆಳೆಯಷ್ಟು ಸರಿಸಿ 230ಕ್ಕೆ ತನ್ನಿ. ಪಕ್ಕದಲ್ಲಿರುವ, ಸ್ಥಿರತೆಗೆ ಸಂಬಂಧಿಸಿದ ತಿರುಗಣೆಯನ್ನು ಮುಟ್ಟಬೇಡಿ. ಎವಿಆರ್ ಬದಲಿಗೆ ಕೆಪಾಸಿಟರ್ ಇರುವ ಅಗ್ಗದ ಯಂತ್ರಗಳಲ್ಲಿ ತಿರುಗಿಸಲು ಏನೂ ಇರುವುದಿಲ್ಲ. ಆವರ್ತನ ಸರಿಯಿದ್ದೂ ವೋಲ್ಟೇಜ್ ಕಡಿಮೆಯಿದ್ದರೆ ಕೆಪಾಸಿಟರ್ ದುರ್ಬಲವಾಗಿರುವುದು ಸಾಮಾನ್ಯ, ಅದೇ ಅಳತೆಯ ಹೊಸದನ್ನು ಹಾಕಿಸಬೇಕು. ಇನ್ವರ್ಟರ್ ಮಾದರಿಯ ಜನರೇಟರ್‌ಗಳು ಆವರ್ತನ, ವೋಲ್ಟೇಜ್ ಎರಡನ್ನೂ ತಾವೇ ಹೊಂದಿಸಿಕೊಳ್ಳುತ್ತವೆ.

ಮನೆಗೆ ಜೋಡಿಸುವುದು ಚೇಂಜ್‌ಓವರ್ ಸ್ವಿಚ್ಚಿನ (ಒಮ್ಮೆಗೆ ಲೈನನ್ನೋ ಜನರೇಟರನ್ನೋ ಒಂದನ್ನೇ ಮನೆಗೆ ಸೇರಿಸುವ ಸ್ವಿಚ್ಚು) ಮೂಲಕವೇ ಆಗಬೇಕು. ಎರಡೂ ತುದಿಗೆ ಪ್ಲಗ್ಗಿರುವ ವೈರನ್ನು ಸಾಕೆಟ್ಟಿಗೆ ಚುಚ್ಚಿದರೆ ಕರೆಂಟು ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಿಗೆ ಏರಿ, ಮಳೆಯಲ್ಲಿ ಕಂಬ ಹತ್ತಿದ ಮೆಸ್ಕಾಂ ಲೈನ್‌ಮ್ಯಾನನ್ನು ಕೊಲ್ಲಬಲ್ಲದು. ಸ್ವಿಚ್ಚು ಬದಲಿಸಿದ ಮೇಲೆ ಮೊದಲು ಪಂಪು, ಅದು ನೆಲೆನಿಂತ ಮೇಲೆ ಫ್ರಿಜ್, ಕೊನೆಗೆ ದೀಪ, ಟಿ.ವಿ. ಹೀಗೆ ಒಂದೊಂದಾಗಿ ಹಾಕಿ. ತೋಟದಾಚೆಯ ಹಳ್ಳದ ಬಳಿ ಪಂಪಿದ್ದರೆ ಅಲ್ಲಿಯೂ ಅಳೆಯಿರಿ. ಅಲ್ಲಿ ವೋಲ್ಟೇಜ್ ಕಡಿಮೆ ಬಂದರೆ ದಪ್ಪ ವೈರು ಎಳೆಸಬೇಕೇ ಹೊರತು ಅದಕ್ಕಾಗಿ ಎವಿಆರ್ ಏರಿಸಬಾರದು, ಏರಿಸಿದರೆ ಹತ್ತಿರದ ಅಡುಗೆಮನೆಯ ಸಾಮಾನುಗಳಿಗೆ ವೋಲ್ಟೇಜ್ ಹೆಚ್ಚಾಗುತ್ತದೆ.