ಫೋನಿನ ವಾಲೆಟ್ ನೋಡಲಿಕ್ಕಷ್ಟೇ: ಮೂರರಲ್ಲಿ ಎರಡು ಸಹಿ ನಾನು ಮಾಡಿಕೊಂಡ ಬಗೆ

ನನ್ನ ಫೋನಿನಲ್ಲಿ ಬಿಟ್‌ಕಾಯಿನ್ ವಾಲೆಟ್ ಇದೆ. ಬ್ಯಾಲೆನ್ಸ್ ತೋರಿಸುತ್ತದೆ, ಹಣ ಪಡೆಯಲು ಹೊಸ ಅಡ್ರೆಸ್ ಕೊಡುತ್ತದೆ. ಒಂದು ಸತೋಶಿಯನ್ನೂ (ಬಿಟ್‌ಕಾಯಿನ್ನಿನ ಅತಿ ಚಿಕ್ಕ ಪಾಲು) ಕಳಿಸಲು ಅದರ ಕೈಲಿ ಆಗುವುದಿಲ್ಲ. ಕಳಿಸಬೇಕೆಂದರೆ ಮೂರು ಕೀಲಿಗಳಲ್ಲಿ ಎರಡರ ಸಹಿ ಬೇಕು; ಇದಕ್ಕೆ ಮಲ್ಟಿಸಿಗ್ ಅನ್ನುತ್ತಾರೆ. ಮೂರರ ಸಹಿಯೂ ಇಂಟರ್ನೆಟ್ ಕಾಣದ ಡಿವೈಸ್‌ಗಳಲ್ಲೇ ಆಗುತ್ತದೆ.

ಶುರು ಮಾಡಿದಾಗ ಗೆಳೆಯರೆಲ್ಲ "ಅಷ್ಟೊಂದು ಒದ್ದಾಟ ಯಾಕೆ, ಎಕ್ಸ್‌ಚೇಂಜಲ್ಲೇ ಬಿಡು" ಎಂದಿದ್ದರು. ಎಕ್ಸ್‌ಚೇಂಜ್ ಅಂದರೆ ಬಿಟ್‌ಕಾಯಿನ್ ಕೊಳ್ಳಲು, ಮಾರಲು, ಇಟ್ಟುಕೊಳ್ಳಲು ಅನುವು ಮಾಡುವ ಕಂಪನಿ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಕಳುವಾಯಿತು. ಆಗ ರಾಗ ಬದಲಾಯಿತು. "ಅದೂ ಮಲ್ಟಿಸಿಗ್ಗೇ ಅಲ್ವಾ?" ಹೌದು. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಕ್ಸ್‌ಚೇಂಜಿನಿಂದ ಸುಮಾರು 150 ಕೋಟಿ ಡಾಲರ್ ಹೋದದ್ದೂ ಮಲ್ಟಿಸಿಗ್‌ನಿಂದಲೇ. ಆದರೆ ಬೈಬಿಟ್‌ನಲ್ಲಿ ಯಾರೂ ಕೀಲಿ ಕದಿಯಲಿಲ್ಲ. ಸಹಿ ಹಾಕುವವರಿಗೆ ಪರದೆ ತೋರಿಸಿದ್ದು ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ. ಅದಕ್ಕೇ ನಾನು ಅಡ್ರೆಸ್ಸನ್ನು ಲ್ಯಾಪ್‌ಟಾಪಿನಲ್ಲಿ ನೋಡಿ ನಂಬುವುದಿಲ್ಲ. ಸಹಿ ಹಾಕುವ ಎರಡೂ ಡಿವೈಸಿನ ಪುಟ್ಟ ಪರದೆಯಲ್ಲಿ ಪೂರ್ತಿ ಓದುತ್ತೇನೆ, ನಡುವಿನ ಅಕ್ಷರಗಳನ್ನೂ ಬಿಡುವುದಿಲ್ಲ. ಮೊದಲ ನಾಲ್ಕು, ಕೊನೆಯ ನಾಲ್ಕು ಒಂದೇ ಥರ ಇರುವ ನಕಲಿ ಅಡ್ರೆಸ್ ಮಾಡುವುದು ಕಳ್ಳರಿಗೆ ಸುಲಭ.

ಎರಡು ಡಿವೈಸ್ ಬೇರೆ ಬೇರೆ ಕಂಪನಿಯವು. ಮೂರನೆಯದು ರಾಸ್ಪ್‌ಬೆರಿ ಪೈ ಜೀರೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ನಾನೇ ಜೋಡಿಸಿದ, ಸಹಿ ಹಾಕುವ ಸೀಡ್‌ಸೈನರ್. ವೈಫೈ ಇಲ್ಲದ 1.3 ಮಾಡೆಲನ್ನೇ ಹುಡುಕಿ ತಂದೆ. ಲ್ಯಾಪ್‌ಟಾಪಿನಲ್ಲಿ ಸ್ಪ್ಯಾರೋ ಎಂಬ ವಾಲೆಟ್ ತಂತ್ರಾಂಶ. 

ನಿಜವಾದ ಪಾಠ ಸಿಕ್ಕಿದ್ದು ರಿಕವರಿಯಲ್ಲಿ. ದುಡ್ಡು ಹಾಕುವ ಮೊದಲು ಎಲ್ಲವನ್ನೂ ಟೆಸ್ಟ್‌ನೆಟ್‌ನಲ್ಲಿ (ಬೆಲೆಯಿಲ್ಲದ ನಾಣ್ಯಗಳ ಪ್ರಯೋಗ ಜಾಲದಲ್ಲಿ) ಕಟ್ಟಿ, ಬೇಕೆಂದೇ ಒಂದು ಡಿವೈಸ್ ಅಳಿಸಿದೆ. ಮೂರರಲ್ಲಿ ಎರಡು ಸೀಡ್ (ಕೀಲಿಯನ್ನು ಮತ್ತೆ ಹುಟ್ಟಿಸುವ ಪದಗಳ ಸಾಲು) ಇದ್ದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಸಾಕಾಗಲಿಲ್ಲ! ವಾಲೆಟ್ ಮತ್ತೆ ಏಳಲೇ ಇಲ್ಲ. ಸಹಿಗೆ ಎರಡು ಕೀಲಿ ಸಾಕು, ಆದರೆ ಅಡ್ರೆಸ್ ಹುಟ್ಟಬೇಕಾದರೆ ಮೂರೂ ಕೀಲಿಗಳ ಎಕ್ಸ್‌ಪಬ್ (ಅಡ್ರೆಸ್ ಹುಟ್ಟಿಸಬಲ್ಲ, ಆದರೆ ಸಹಿ ಹಾಕಲಾಗದ ಸಾರ್ವಜನಿಕ ಕೀಲಿ) ಬೇಕು. ಮೂರನೆಯ ಸೀಡೂ ಹೋಗಿ, ಅದರ ಎಕ್ಸ್‌ಪಬ್ ಎಲ್ಲೂ ಬರೆದಿಡದಿದ್ದರೆ ಕಥೆ ಮುಗಿಯಿತು. ಈಗ ಮೂರೂ ಎಕ್ಸ್‌ಪಬ್ ಇರುವ ಡಿಸ್ಕ್ರಿಪ್ಟರ್ ಫೈಲಿನ ಪ್ರಿಂಟ್ ಪ್ರತಿಯೊಂದು ಸೀಡಿನ ಜೊತೆಗೂ ಇದೆ. ಅದು ಯಾರ ಕೈಗೆ ಸಿಕ್ಕರೂ ನನ್ನ ಬ್ಯಾಲೆನ್ಸ್ ನೋಡಬಹುದು, ಮುಟ್ಟಲಾಗದು.

ಸೀಡ್ ಬರೆದಿಡುವುದರಲ್ಲಿ ತುಂಬಾ ಸೋತೆ. ನಮ್ಮೂರು ತೀರ್ಥಹಳ್ಳಿ ಕಡೆ. ಮಳೆಗಾಲ ಮುಗಿಯುವಷ್ಟರಲ್ಲಿ ಕಾಗದಕ್ಕೆ ಬೂಷ್ಟು. ಲ್ಯಾಮಿನೇಟ್ ಮಾಡಿಸಿದರೆ ಅಂಚಿನಿಂದ ತೇವ ಒಳಗೆ ಬಂತು. ಅಲ್ಯೂಮಿನಿಯಂ ತಗಡಿನ ಮೇಲೆ ಕೊರೆದು ಅಡಿಕೆ ಬೇಯಿಸುವ ಒಲೆಗೆ ಹಾಕಿ ನೋಡಿದೆ, ಮುದ್ದೆಯಾಯಿತು. ಅದು 660 ಡಿಗ್ರಿಗೇ ಕರಗುತ್ತದೆ. 304 ಸ್ಟೀಲ್ ತುಂಡು ಅದೇ ಒಲೆಯಿಂದ ಕಪ್ಪಗಾಗಿ ಹೊರಬಂತು, ಅಕ್ಷರ ಮಾತ್ರ ಹಾಗೇ ಇದ್ದವು. ಅಕ್ಷರದ ಪಂಚ್ ಸೆಟ್‌ಗೆ ಏಳೆಂಟು ನೂರು ಆಗಿರಬೇಕು. ಪೂರ್ತಿ ಪದ ಕುಟ್ಟಬೇಕಿಲ್ಲ. ಸೀಡಿನ ಪದಗಳು ಬರುವ ಬಿಐಪಿ39 ಎಂಬ ಇಂಗ್ಲಿಷ್ ಪಟ್ಟಿಯ 2048 ಪದಗಳಲ್ಲಿ ಯಾವ ಎರಡಕ್ಕೂ ಮೊದಲ ನಾಲ್ಕು ಅಕ್ಷರ ಒಂದೇ ಇಲ್ಲ. 12 ಪದಕ್ಕೆ ಹೆಚ್ಚೆಂದರೆ 48 ಏಟು ಸಾಕು.  

ನಡುವೆ ಒಂದು ಹುಚ್ಚು ಪ್ರಯೋಗ. ಡಿವೈಸ್ ಕೊಡುವ ಸೀಡ್ ಬೇಡ, ನಾನೇ ಹುಟ್ಟಿಸುತ್ತೇನೆ ಅಂತ ಚೌಕಾಬಾರದ ಕವಡೆ ತೆಗೆದೆ. ಕವಡೆ ಸಮವಾಗಿ ಬೀಳುವುದಿಲ್ಲ, ಒಂದೊಂದಕ್ಕೂ ಒಂದೊಂದು ವಾಲು. ಒಂದೇ ಕವಡೆಯನ್ನು ಎರಡೆರಡು ಸಲ ಎಸೆದು, ಎರಡೂ ಒಂದೇ ಬಂದರೆ ಬಿಟ್ಟು, ಬೇರೆ ಬಂದಾಗ ಮಾತ್ರ ಮೊದಲಿನದನ್ನು ಎಣಿಸಿದರೆ ವಾಲು ಹೋಗುತ್ತದೆ. ಒಂದು ಸೀಡಿಗೆ ಬೇಕಾದ 128 ಬಿಟ್‌ಗೆ (ಸೊನ್ನೆ-ಒಂದುಗಳಿಗೆ) ಐನೂರಕ್ಕೂ ಜಾಸ್ತಿ ಎಸೆತ ಬೇಕಾಯಿತು. ಕೆಲಸವೇನೋ ಆಯಿತು, ಆದರೆ ದಾಳವಾದರೆ 50 ಎಸೆತಕ್ಕೇ ಮುಗಿಯುತ್ತದೆ. ಉಳಿದ ಎರಡು ಸೀಡ್ ದಾಳದಿಂದಲೇ ಮಾಡಿದೆ.

ದುಡ್ಡಿನ ಮಾತಿಗೆ ಬರೋಣ. ವರ್ಷಗಟ್ಟಲೆ ಚೂರುಚೂರು ಕೊಂಡಿದ್ದರಿಂದ ಹಳೆಯ ವಾಲೆಟ್‌ನಲ್ಲಿ ನಲವತ್ತರಷ್ಟು ಸಣ್ಣ ತುಂಡುಗಳಿದ್ದವು. ಕಳಿಸುವಾಗ ಒಂದೊಂದಕ್ಕೂ ಸುಮಾರು 68 ವಿಬೈಟ್ (ಫೀ ಲೆಕ್ಕಕ್ಕೆ ಬಳಸುವ ಗಾತ್ರದ ಅಳತೆ). 2024ರ ಏಪ್ರಿಲ್ 20ರಂದು ಹಾವಿಂಗ್ ಆಯಿತು, ಅಂದರೆ ಮೈನಿಂಗ್ ಮಾಡುವವರಿಗೆ ಸಿಗುವ ಹೊಸ ಬಿಟ್‌ಕಾಯಿನ್ ಅರ್ಧಕ್ಕಿಳಿಯಿತು. ಅದೇ ಹೊತ್ತಿಗೆ ರೂನ್ಸ್ (ಬಿಟ್‌ಕಾಯಿನ್ ಮೇಲೆ ಹೊಸ ಟೋಕನ್ ಹೊರಡಿಸುವ ವಿಧಾನ) ಬಂದು ಫೀ ಆಕಾಶಕ್ಕೆ ಹೋಯಿತು. ವಿಬೈಟಿಗೆ 100 ಸತೋಶಿ ಇಟ್ಟರೂ ಹದಿನೈದು ಸಾವಿರ ರೂಪಾಯಿ ಹತ್ತಿರ ಕೈಬಿಡುತ್ತಿತ್ತು. ಕಾದೆ. ಫೀ ಐದಕ್ಕೆ ಇಳಿದ ಒಂದು ಭಾನುವಾರ ಎಲ್ಲ ಒಟ್ಟುಗೂಡಿಸಿದೆ. ಏಳೆಂಟು ನೂರರಲ್ಲಿ ಮುಗಿಯಿತು. ಮಲ್ಟಿಸಿಗ್ ಸೇರಿದ ಮೇಲೆ ಪ್ರತಿ ತುಂಡು 104 ವಿಬೈಟ್ ಆಗುತ್ತದೆ. ಹಾಗಾಗಿ ಒಳಗೆ ಬರುವ ಮೊದಲೇ ಒಟ್ಟುಗೂಡಿಸಿಕೊಳ್ಳಿ.

ವಾಲೆಟ್‌ನಲ್ಲಿ ನಾನು ತುಂಬಾ ಬಳಸುವುದು ಲೇಬಲ್. 2022ರ ಏಪ್ರಿಲ್‌ನಿಂದ ಲಾಭಕ್ಕೆ 30% ತೆರಿಗೆ, ಜುಲೈನಿಂದ 1% ಟಿಡಿಎಸ್. ಕೊಂಡ ದಿನ, ಕೊಟ್ಟ ರೂಪಾಯಿ, ಎರಡನ್ನೂ ಪ್ರತಿ ತುಂಡಿಗೂ ಬರೆದಿದ್ದೇನೆ. ನಮ್ಮ ಆಡಿಟರ್ ಇದನ್ನು ನೋಡಿ ಬೇರೆ ಗಿರಾಕಿಗಳಿಗೂ ಹೇಳಿದ್ದಾರೆ.

ಸೀಡಿಗೆ ಪಾಸ್‌ಫ್ರೇಸ್ (ಹೆಚ್ಚುವರಿ ಗುಪ್ತಪದ) ಹಾಕಿಲ್ಲ. ನನಗೇನಾದರೂ ಆದರೆ ಮನೆಯವರಿಗೆ ಸಿಗಬೇಕಲ್ಲ? ಹೆಂಡತಿಗೆ ಕನ್ನಡದಲ್ಲಿ ಎರಡು ಪುಟ ಬರೆದುಕೊಟ್ಟೆ. ಎರಡು ತಗಡು, ಒಂದು ಪ್ರಿಂಟ್, ಖಾಲಿ ಲ್ಯಾಪ್‌ಟಾಪ್ ಕೊಟ್ಟು ನಾನು ತೋಟಕ್ಕೆ ಹೋದೆ. ಬರುವಷ್ಟರಲ್ಲಿ ವಾಲೆಟ್ ಎದ್ದಿತ್ತು, ಅಡ್ರೆಸ್ ಎಲ್ಲ ತಾಳೆಯಾಗಿತ್ತು. ಡಿವೈಸ್, ತಗಡು, ಕಸ್ಟಮ್ಸ್ ಎಲ್ಲ ಸೇರಿ ಒಟ್ಟು ಖರ್ಚು ಇಪ್ಪತ್ತೈದು ಸಾವಿರದ ಒಳಗೆ. "ಎಕ್ಸ್‌ಚೇಂಜಲ್ಲೇ ಬಿಡು" ಎಂದಿದ್ದವರಲ್ಲಿ ಇಬ್ಬರು ಈಗ ಪಂಚ್ ಸೆಟ್ ಕೇಳಿಕೊಂಡು ಬಂದಿದ್ದಾರೆ.