ಲಿವಿಂಗ್ ವಿಲ್: ನಾನು ಬರೆದದ್ದು ಹೀಗೆ

ನಮ್ಮ ಯಜಮಾನರು ಸ್ಟ್ರೋಕ್ ಆಗಿ ಐಸಿಯುನಲ್ಲಿದ್ದಾಗ, ವೆಂಟಿಲೇಟರ್ ಮುಂದುವರಿಸೋಣವಾ ಅಂತ ಡಾಕ್ಟರು ಕೇಳಿದರು. ಮೈದುನ ಒಂದು ಹೇಳಿದರು, ಮಗ ಇನ್ನೊಂದು ಹೇಳಿದ. ಅವರ ಮನಸ್ಸಲ್ಲಿ ಏನಿತ್ತು ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಆ ಸಂಕಟ ನನ್ನ ಮಕ್ಕಳಿಗೆ ಬೇಡ ಅಂತ ನಾನು ಲಿವಿಂಗ್ ವಿಲ್ ಬರೆದಿಟ್ಟೆ. ಅಂದರೆ ಮುಂದೆ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಪತ್ರ.

ಇದು ಇಂಜೆಕ್ಷನ್ ಕೊಟ್ಟು ಸಾಯಿಸುವ ವಿಷಯ ಅಲ್ಲ. ಅದು ನಮ್ಮ ದೇಶದಲ್ಲಿ ಅಪರಾಧ. ವಾಸಿಯಾಗದ ಕಾಯಿಲೆ ಬಂದು, ನನ್ನ ಬಾಯಲ್ಲಿ ನಾನೇ ಹೇಳಲಾಗದಿದ್ದಾಗ ಮಾತ್ರ ಈ ಪತ್ರ ಮಾತಾಡುತ್ತದೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಇದನ್ನು ಒಪ್ಪಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಿಂದ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಣ ಮಾಡಿಸಿದರೆ ಸಾಕು. ಇದನ್ನು ಜಾರಿಗೆ ತರಲು ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರನ್ನು ನಾನು ತುಂಬಾ ಗೌರವದಿಂದ ನೆನೆಯುತ್ತೇನೆ.

‘ಯಾವ ಚಿಕಿತ್ಸೆಯೂ ಬೇಡ’ ಅಂತ ಸುಮ್ನೆ ಒಂದು ಸಾಲು ಬರೆದರೆ ಪ್ರಯೋಜನ ಇಲ್ಲ. ಹಾಗಾಗಿ ತುಮಕೂರಿನ ನಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ ಕೂತು ಒಂದೊಂದನ್ನೇ ಕೇಳಿದೆ. ನನ್ನ ಪತ್ರದಲ್ಲಿ ಈಗ ಹೀಗಿದೆ: ‘ನ್ಯುಮೋನಿಯಾದಂಥದ್ದು ಬಂದು, ಎದ್ದು ಓಡಾಡುವ ಭರವಸೆ ಇದ್ದರೆ ಕೆಲವು ದಿನ ವೆಂಟಿಲೇಟರ್ ಹಾಕಿ. ಮತ್ತೆ ಪ್ರಜ್ಞೆ ಬರುವುದಿಲ್ಲ ಅಂತ ಡಾಕ್ಟರುಗಳು ತೀರ್ಮಾನಿಸಿದರೆ ತೆಗೆಯಿರಿ. ನೋವಿನ ಔಷಧಿ ಮಾತ್ರ ಯಾವಾಗಲೂ ನಿಲ್ಲಿಸಬೇಡಿ.’

ಮೂಗಿನ ಮೂಲಕ ಆಹಾರ ಕೊಡುವ ನಳಿಕೆಯ ವಿಷಯಕ್ಕೆ ಬಂದಾಗ ಮಗಳು ಪೆನ್ನು ಕೆಳಗಿಟ್ಟಳು. ‘ಅಮ್ಮಾ, ನಿನಗೆ ಅನ್ನ ನೀರು ಕೊಡಬೇಡಿ ಅಂತ ನಾನು ಹೇಗೆ ಹೇಳಲಿ?’ ಅಂದಳು. ಮತ್ತೆ ಡಾಕ್ಟರ ಹತ್ತಿರ ಹೋದೆವು. ಕೊನೆಗಾಲದಲ್ಲಿ ಮೈಗೆ ಹಸಿವೇ ಕಡಿಮೆ ಆಗುತ್ತದೆ, ಬಾಯಿ ಒಣಗದಂತೆ ನೋಡಿಕೊಳ್ಳೋದು ಮುಖ್ಯ ಅಂತ ಅವರು ನಿಧಾನವಾಗಿ ತಿಳಿಸಿದರು. ಬಾಯಲ್ಲಿ ಇಳಿಯುವಷ್ಟು ಗಂಜಿ, ನೀರು ಚಮಚದಲ್ಲಿ ಕೊಡಲಿ, ನಳಿಕೆ ಬೇಡ ಅಂತ ಬರೆದೆವು. ಅವಳೇ ತನ್ನ ಕೈಯಾರೆ ಬರೆದಳು. ನೋಟರಿ ಕೆಲಸಕ್ಕಿಂತ ಈ ಮಾತುಕತೆಗೇ ಜಾಸ್ತಿ ಸಮಯ ಹಿಡಿಯಿತು, ಹಿಡಿಯಬೇಕು ಕೂಡ.

ನನ್ನ ಪರವಾಗಿ ಮಾತಾಡೋಕೆ ಮಗಳ ಹೆಸರು ಮೊದಲು, ಆಮೇಲೆ ಮಗನದು. ಒಬ್ಬರಿಗಿಂತ ಹೆಚ್ಚು ಜನರ ಹೆಸರು ಕೊಡಬಹುದು. ಸಾಕ್ಷಿಗೆ ಮನೆಯವರನ್ನು ಬಿಟ್ಟು ಪಕ್ಕದ ಮನೆಯವರನ್ನೂ ಹಳೇ ಸಹೋದ್ಯೋಗಿಯೊಬ್ಬರನ್ನೂ ಕರೆದೆ. ಒಂದು ಪ್ರತಿ ಡಾಕ್ಟರಿಗೆ, ಒಂದು ಮಹಾನಗರ ಪಾಲಿಕೆಗೆ. ಹಳ್ಳಿಯಲ್ಲಾದರೆ ಪಂಚಾಯಿತಿಗೆ ಕೊಡಬೇಕು. ಮಕ್ಕಳಿಬ್ಬರ ಮೊಬೈಲಿನಲ್ಲೂ ಫೋಟೋ ಇದೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರವಣಿಗೆಯಲ್ಲಿ ರದ್ದು ಮಾಡಬಹುದು.

ಮಗನಿಗೆ ಒಂದು ಭಯ ಇತ್ತು: ಯಾರೋ ಆತುರಪಟ್ಟು ನಿಲ್ಲಿಸಿಬಿಟ್ಟರೆ? ಹಾಗೆ ಆಗೋದಿಲ್ಲ. ನೋಡಿಕೊಳ್ಳುವ ಡಾಕ್ಟರ ಜೊತೆ ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು ಮೊದಲು ಒಪ್ಪಬೇಕು. ಆಮೇಲೆ ಡಾಕ್ಟರುಗಳ ಇನ್ನೊಂದು ಮಂಡಳಿ ನೋಡಬೇಕು. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ಡಾಕ್ಟರು ಇರುತ್ತಾರೆ. ಪತ್ರದಲ್ಲಿ ನಾನು ಹೆಸರಿಸಿದವರ ಒಪ್ಪಿಗೆಯೂ ಬೇಕು, ಮ್ಯಾಜಿಸ್ಟ್ರೇಟರಿಗೂ ತಿಳಿಸಬೇಕು. ಇದನ್ನು ಕೇಳಿದ ಮೇಲೆ ಅವನಿಗೆ ಸಮಾಧಾನವಾಯಿತು.

ತಿಪಟೂರಿನ ನಮ್ಮಕ್ಕನೂ ಈಗ ಬರೆಯಲು ಕೂತಿದ್ದಾಳೆ. ಅವಳಿಗೆ ನಳಿಕೆ ಬೇಕಂತೆ. ಹಾಗೇ ಬರಿ ಅಂದಿದ್ದೇನೆ.